ತಿರುವಿನ ತನಕ ತಳ್ಳಿ

ಹೊಸೂರು, ಬುಧವಾರ, ೧೯೮೩

ಭಾವನವರಿಗೆ ವೆಂಕಟಲಕ್ಷ್ಮಿಯ ನಮಸ್ಕಾರ.

ನಿಮ್ಮ ತಮ್ಮ ಹೇಳಿಕೊಟ್ಟಂತೆ ದಿನಾ ಬೆಳಿಗ್ಗೆ ಅಂಬಾಸಿಡರಿನ ರೇಡಿಯೇಟರಿಗೆ ನೀರು ಹಾಕಿ, ಆಯಿಲ್ ನೋಡಿ, ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಡುತ್ತೇನೆ. ಅಷ್ಟು ವರ್ಷ ಓಡಿದ ಗಾಡಿ, ಹಾಗೇ ಬಿಟ್ಟರೆ ಕೂತುಬಿಡುತ್ತದೆ. ಲಕ್ವ ಹೊಡೆದ ಮೇಲೆ ಇವರು ಮಲಗಿದಲ್ಲಿಂದಲೇ ಸದ್ದು ಕೇಳಿ, "ಪ್ಲಗ್ ಒರ್ಸು ಲಕ್ಷ್ಮಿ, ಕೆಮ್ತಾ ಐತೆ" ಅನ್ನುತ್ತಾರೆ. ದಿನಕ್ಕೆ ಅದೊಂದೇ ಮಾತು.

ನನ್ನ ಕೈಲಿ ಇನ್ನಾಗುವುದಿಲ್ಲ. ಕೊಳ್ಳುತ್ತಾರೆಂದು ನೀವು ಹೇಳಿದ ಕೃಷ್ಣಗಿರಿಯವರು ಭಾನುವಾರ ಬಂದು ಗಾಡಿ ಒಯ್ಯಲಿ. ಇವರಿಗೆ ಹೇಳಿಲ್ಲ. ಮನೆ ಮುಂದೆ ಮಾತ್ರ ಸ್ಟಾರ್ಟ್ ಮಾಡುವುದು ಬೇಡ. ದೂರ ಹೋಗುವ ಸದ್ದು ಇವರಿಗೆ ಗೊತ್ತಾಗುತ್ತದೆ. ಬಾಗಲೂರು ರಸ್ತೆಯ ತಿರುವಿನ ತನಕ ತಳ್ಳಿಕೊಂಡು ಹೋಗಲಿ.

ಮಾರನೇ ಬೆಳಿಗ್ಗೆ ಏನು ಹೇಳಬೇಕೋ ಇನ್ನೂ ಹೊಳೆದಿಲ್ಲ.

ಜನ ಕಡಿಮೆಯಾದರೆ ತಳ್ಳಲು ನಾನೂ ಬರುತ್ತೇನೆ.

ಇಂತಿ,
ವೆಂಕಟಲಕ್ಷ್ಮಿ