ಅವ್ವನ ಹಚ್ಚೆಗೆ ಮೊದಲ ಸರದಿ

ಬಳ್ಳಾರಿ
ಬಿಸಿಲ ಶಕೆ ನೂರಾ ಹನ್ನೊಂದು, ಎರಡನೇ ಶ್ರಾವಣದ ಮೂವತ್ತನಾಲ್ಕನೇ ದಿನ

ಪೂಜ್ಯ ಹುಲಿಗೆಮ್ಮಜ್ಜಿಯವರಿಗೆ,

ನೀವಿನ್ನೂ ಮೂವತ್ತು ದಾಟದವರು. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ನಿಮ್ಮ ಮೊಮ್ಮಗಳ ಮೊಮ್ಮಗಳು ನಾನು, ಬೇರೇನೆಂದು ಕರೆಯಲಿ? ನಿಮಗಿಂತ ನಾಲ್ಕು ತಲೆಮಾರು ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ, ತಾರೀಖೂ ಮಾತೂ ವಿಚಿತ್ರವಾಗಿ ಕಂಡರೆ ಕ್ಷಮಿಸಿ.

ನೀವು ಜೀನ್ಸ್ ಜೇಬುಗಳಿಗೆ ಕಸೂತಿ ಹಾಕುವ ಯಂತ್ರ ಇನ್ನೂ ನಡೆಯುತ್ತಿದೆ. ಅದರಲ್ಲಿ ನಾವು ನೆರಳುಡುಗೆಗೆ ಗುರುತು ಹೊಲಿಯುತ್ತೇವೆ. ನೆರಳುಡುಗೆ ಎಂದರೆ ನಡುಹಗಲು ಹೊರಗೆ ಹೋಗುವವರು ತಲೆಯಿಂದ ಹಿಮ್ಮಡಿಯವರೆಗೆ ತೊಡುವ ತೆಳು ನಿಲುವಂಗಿ. ತೊಟ್ಟರೆ ಮುಖ ಕಾಣದು. ಆದ್ದರಿಂದ ತೋಳಿನ ತುದಿಯಲ್ಲಿ ಮನೆತನದ ಗುರುತು ಇರುತ್ತದೆ, ಮಕ್ಕಳು ತಾಯಿಯನ್ನು ಹುಡುಕುವುದು ಅದರಿಂದಲೇ. ಊರಿಗೆಲ್ಲ ಗುರುತು ಹೊಲಿಯುವ ನಮ್ಮ ಮನೆಯವರ ತೋಳು ಮಾತ್ರ ಬೋಳು. ಹೋದ ವಾರ ಸಂತೆಯಲ್ಲಿ ನನ್ನ ಮಗಳು ಬೋಳು ತೋಳಿನ ಪರವೂರಿನವರೊಬ್ಬರನ್ನು ನಾನೆಂದುಕೊಂಡು ಹಿಂದೆ ಹೋಗಿಬಿಟ್ಟಳು. ಅವಳು ಸಿಗುವ ತನಕ ನನ್ನ ಜೀವದಲ್ಲಿ ಜೀವವಿರಲಿಲ್ಲ.

ಕಾರಣ ಹೇಳುತ್ತೇನೆ. ನಾಳೆ ನೀವು ಕೆಟ್ಟ ಫ್ಲಾಪಿ ಡ್ರೈವ್ ಬಿಚ್ಚಿ, ಅದೇ ಜಾಗದಲ್ಲಿ ಪೆನ್‌ಡ್ರೈವ್ ಸಿಕ್ಕಿಸುವ ಡಬ್ಬಿ ಕೂರಿಸುತ್ತೀರಿ. ಗುಂಡಿ ಒತ್ತಿದಂತೆ ನಂಬರು ಬದಲಾಗುತ್ತದೆ, ಒಂದೊಂದು ನಂಬರಿಗೆ ಒಂದೊಂದು ಫ್ಲಾಪಿಯ ಚಿತ್ತಾರ. ಯಂತ್ರ ಪಾಪ, ಫ್ಲಾಪಿಯೇ ಬಂತೆಂದು ನಂಬಿ ಹೊಲಿಯುತ್ತದೆ. ಗುಜರಿಗೆ ಹಾಕು ಎಂದವರಿಗೆ ನೀವು ಕೊಟ್ಟ ಉತ್ತರ ಹೇಳಿಕೊಂಡು ನಾವಿನ್ನೂ ನಗುತ್ತೇವೆ: “ಸೂಜಿಗೇನ್ ಗೊತ್ತಾಕೈತಿ, ಚಿತ್ತಾರ ಎಲ್ಲಿಂದ ಬಂತಂತ? ಸುಮ್ನಿರ್ರಿ ನೀವು.”

ನಿಮಗಿದು ನಾಳೆಯದು, ನಮಗೆ ಎಂದೋ ನಡೆದುಹೋದದ್ದು: ಅದರಲ್ಲೆಲ್ಲ ಗೆದ್ದಿರಿ, ಒಂದರಲ್ಲಿ ಎಡವಿದಿರಿ. ಫ್ಲಾಪಿಗಳನ್ನು ಕಂಪ್ಯೂಟರಿಗೆ ಹಾಕಿ ಪೆನ್‌ಡ್ರೈವಿಗೆ ಇಳಿಸುವಾಗ, “ಅವ್ವನ ಕೈ” ಎಂದು ಚೀಟಿ ಅಂಟಿಸಿದ್ದನ್ನು ಕೊನೆಗೆಂದು ಎತ್ತಿಟ್ಟಿರಿ. ತೀರಿಹೋದ ನಿಮ್ಮವ್ವನ ಮುಂಗೈ ಹಚ್ಚೆಯ ಚಿತ್ತಾರ ಅದು. ಅಕ್ಕರೆಯದು, ಸಾವಕಾಶವಾಗಿ ಮಾಡೋಣವೆಂದುಕೊಂಡಿರಿ. ಅಷ್ಟರಲ್ಲಿ ಬೂಷ್ಟು ಹಿಡಿದ ಉಳಿದ ಫ್ಲಾಪಿಗಳ ಕೊಳೆಯೆಲ್ಲ ಕಂಪ್ಯೂಟರಿನ ಓದುವ ಹೆಡ್ಡಿಗೆ ಮೆತ್ತಿಕೊಂಡಿತ್ತು. ಅವ್ವನ ಕೈ ಒಳಗೆ ಹೋಗುತ್ತಲೇ ಗೀಚಿ ಹಾಳಾಯಿತು. ಅದಕ್ಕೆಂದು ನೀವು ಕಾದಿಟ್ಟ ಹದಿನೇಳನೇ ನಂಬರು ಇಂದಿಗೂ ಖಾಲಿ. ನಮ್ಮ ಮನೆತನದ ಗುರುತು ಆ ಹಚ್ಚೆಯೇ ಆಗಬೇಕಿತ್ತು; ಅಲ್ಲಿ ಬೇರೇನನ್ನೂ ತುಂಬಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ.

ಅಜ್ಜೀ, ಅದನ್ನು ಮೊದಲು ಇಳಿಸಿ, ಹೆಡ್ಡು ಚೊಕ್ಕಟವಿರುವಾಗಲೇ. ಉಳಿದವು ಹೋದರೆ ಹೋಗಲಿ. ಅವುಗಳಲ್ಲಿನ ಹೂಬಳ್ಳಿ ಚಿತ್ತಾರವನ್ನು ನಾವೂ ಬರೆದುಕೊಂಡೇವು.

ನಾಳೆ ಬಿಸಿಲೇರಿ ಯಂತ್ರಕ್ಕೆ ಕರೆಂಟು ಬರುತ್ತಲೇ ನನ್ನ ನೆರಳುಡುಗೆಯ ತೋಳನ್ನು ಚೌಕಟ್ಟಿಗೆ ಬಿಗಿದು, ಹಚ್ಚೆಯ ಹಸಿರಿನದೇ ನೂಲು ಪೋಣಿಸಿ, ಹದಿನೇಳನ್ನು ಒತ್ತುತ್ತೇನೆ. ಮಗಳು ಪಕ್ಕದಲ್ಲೇ ಕೂತಿರುತ್ತಾಳೆ. ಸೂಜಿ ಇಳಿದರೆ, ಕಾಗದ ನಿಮಗೆ ಮುಟ್ಟಿತೆಂದು ತಿಳಿಯುತ್ತೇವೆ.

ನಿಮ್ಮವಳೇ,
ಪಂಪಾವತಿ