ಪ್ಯಾಂಟಿನ ಜೊತೆ ಮನೆಗೆ ಬಂದ ಚೂರು

ಲಿಯಾಂಡ್ರಾ,

ಶಾಲೆಯ ಬಸ್ಸು ಓಡಿಸಲು ಹೊತ್ತಾಯಿತು, ಹೊರಟೆ. ಕುರಿ ಸಾರು ಒಲೆಯ ಮೇಲಿದೆ. ಉಣ್ಣುವ ಮುಂಚೆ ಇದನ್ನು ಓದು.

ಬೆಳಿಗ್ಗೆ ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ ಗಡಗಡ ಸದ್ದಾಯಿತು. ನೋಡಿದರೆ ನಿನ್ನ ಪ್ಯಾಂಟಿನ ಮಡಚಿದ ಅಂಚಿನಿಂದ ಉದುರಿದ ಮಡಕೆ ಚೂರು, ಕಪ್ಪು ಗೆರೆಯದು. ಕಯೆಂಟಾ ರಸ್ತೆ ಅಗಲ ಮಾಡುವ ಮುಂಚೆ ಪುರಾತತ್ವ ತರಬೇತಿಯಲ್ಲಿ ನೀವು ಅಳೆಯುತ್ತಿರುವ, ನೂರಾರು ವರ್ಷದ ಹಿಂದೆ ಇಲ್ಲಿದ್ದ ಹಳಬರ ದಿಬ್ಬದ್ದೇ ಇರಬೇಕು.

ನಾನು ಕೈಯಲ್ಲಿ ಮುಟ್ಟಿಲ್ಲ. ಇಕ್ಕಳದಲ್ಲಿ ಹಿಡಿದು, ಮೊಟ್ಟೆಯ ಡಬ್ಬಿಗೆ ಹಾಕಿ, ಕುರಿದೊಡ್ಡಿಯ ಆಚೆ ಬಂಡೆಯ ಮೇಲೆ ಇಟ್ಟಿದ್ದೇನೆ. ನಾಯಿ ಎಳೆದುಕೊಂಡು ಹೋಗುವ ಮುಂಚೆ ತೆಗೆದುಕೊಂಡು ಹೋಗು. ನಿಮ್ಮ ಮೇಷ್ಟ್ರಿಗೆ ನೀನೇ ಬಾಯಿಬಿಟ್ಟು ಹೇಳು. ತರಬೇತಿಯಿಂದ ತೆಗೆದುಹಾಕಿದರೂ ಸರಿ, ಮುಚ್ಚಿಡಬೇಡ.

ನೀನು ಚಿಕ್ಕವಳಿದ್ದಾಗ ಅಜ್ಜಿ, "ಸತ್ತೋರ ಸಾಮಾನು ಇದ್ದಲ್ಲೇ ಇರ್ಲಿ ಕಣೇ, ಮನೆಗೆ ತರ್ಬೇಡ" ಅಂದರೆ, "ಅದೆಲ್ಲ ಮೂಢನಂಬಿಕೆ ಅಜ್ಜಿ" ಅನ್ನುತ್ತಿದ್ದೆ. ಈಗ ಅದೇ ಮಾತನ್ನು ಸಂಬಳ ಕೊಟ್ಟು ಕಲಿಸುತ್ತಿದ್ದಾರೆ, ನೀನು ತಲೆಯಾಡಿಸಿ ಬರೆದುಕೊಳ್ಳುತ್ತೀಯ. ಪುಕ್ಕಟೆ ಹೇಳಿದ್ದೇ ಅಜ್ಜಿಯ ತಪ್ಪು.

ಅವಳಿಗೆ ಹೇಳಿಲ್ಲ. ಗೊತ್ತಾದರೆ, ಹಾಡು ಹೇಳುವ ಮುದುಕರನ್ನು ಕರೆಸಿ ಶುದ್ಧಿ ಮಾಡಿಸುವವರೆಗೆ ನಿನ್ನನ್ನು ಬಾಗಿಲು ದಾಟಲು ಬಿಡುವುದಿಲ್ಲ. ಮೆಷಿನ್ನನ್ನಂತೂ ಆಚೆ ಹಾಕಿಸುತ್ತಾಳೆ. ಮೊಮ್ಮಗಳ ಮೊದಲ ಸಂಬಳದ್ದು ಎಂದು ಬಂದವರಿಗೆಲ್ಲ ತೋರಿಸುವುದು ಅದನ್ನೇ.

ಇನ್ನೊಂದು ಮಾತು. ಅವಳ ಮಖಮಲ್ಲಿನ ರವಿಕೆಯೂ ಅದೇ ನೀರಿನಲ್ಲಿತ್ತು. ಈಗ ಹಗ್ಗದ ಮೇಲೆ ಒಣಗುತ್ತಿದೆ. ಶನಿವಾರ ನಿನಗೆ ಸರ್ಟಿಫಿಕೇಟು ಕೊಡುವಾಗ ಮುಂದಿನ ಸಾಲಿನಲ್ಲಿ ಕೂರಲು ಅದನ್ನೇ ತೊಡುತ್ತಾಳಂತೆ.

ಅಮ್ಮ