ಮೊದಲ ಪುಟದ ಫೋನ್ ನಂಬರು

ಪ್ರೀತಿಯ ಅಪ್ಪನಿಗೆ,

ಅಮ್ಮ ಎದ್ದು ಓಡಾಡುತ್ತಿದ್ದಾಳೆಂದು ಅಣ್ಣ ತಿಳಿಸಿದ. ಹೋದ ಜೀವ ಬಂದಂತಾಯಿತು.

ಆಪರೇಷನ್ ದಿನ ರಕ್ತನಿಧಿಯ ವೆಬ್‌ಸೈಟಿನಲ್ಲಿ ಫೋನ್ ನಂಬರು ಸಿಗದೆ, ನೀವೇ ಅಲ್ಲಿಗೆ ಓಡಿದಿರಲ್ಲ, ಆ ವೆಬ್‌ಸೈಟ್ ಮಾಡಿದವಳು ನಾನು. ಅವತ್ತು ಹೇಳಲು ಬಾಯಿ ಬರಲಿಲ್ಲ. ವರ್ಷಗಳ ಹಿಂದೆ ಅದನ್ನು ಮಾಡಿದಾಗ ಜನ ಕಂಪ್ಯೂಟರಿನ ಮುಂದೆ ಕೂತು ನಿಧಾನವಾಗಿ ನೋಡುತ್ತಿದ್ದರು, ನಾನೂ ಚಿತ್ರಗಳನ್ನೇ ತುಂಬಿದ್ದೆ. ಈಗ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಮೊಬೈಲಿನಲ್ಲಿ ಹುಡುಕುತ್ತಾರೆ. ಹೋದ ವಾರ ಚಿತ್ರಗಳನ್ನೆಲ್ಲ ಕಿತ್ತುಹಾಕಿ, ಮೊದಲ ಪುಟದಲ್ಲೇ ನಂಬರನ್ನು ದಪ್ಪಕ್ಷರದಲ್ಲಿ ಹಾಕಿದೆ.

“ಜನ ಈಗ ಫೋನ್ ಕೆಳಗಿಡೋಕೂ ಬಿಡ್ತಿಲ್ಲಮ್ಮ!” ಎಂದು ರಕ್ತನಿಧಿಯ ನರ್ಸ್ ನಿನ್ನೆ ನಕ್ಕರು. ನನಗೆ ಅಳುವೇ ಬಂತು.

ಭಾನುವಾರ ಬರುತ್ತೇನೆ. ಬೈಯುವುದಿದ್ದರೆ ಅಮ್ಮನ ಎದುರಿಗೇ ಬೈಯಿರಿ. ನನ್ನ ಪರವಾಗಿ ಜಗಳವಾಡುವಷ್ಟು ಅವಳು ಗಟ್ಟಿಯಾಗಿದ್ದಾಳೆಯೇ ನೋಡಬೇಕು.

ನಿಮ್ಮ ಕಿರಿಮಗಳು